ಹೊಸ್ತಿಲ ಮ್ಯಾಲಿನ ಹಿಡಿ ಅಕ್ಕಿ

ಬಾಗಿಲಾ ಮುಂದಕ್ಕ ಮಾಡ್ರಿ, ಗಾಳಿ ಬರಾಕತ್ತೈತಿ. ಅಗಳಿ ಹಾಕಬ್ಯಾಡ್ರಿ ಮತ್ತ. ಯಾಕ ಅನ್ನೂದು ಕಡೀಕ ಹೇಳ್ತೇನಿ.

ಇದು ಎಲ್ಲೋ ದೂರದ ಮಾತಲ್ಲ. ನಮ್ಮ ಅರಭಾವಿಯೊಳಗ, ನಮ್ಮ ಬಾಜೂ ಮನ್ಯಾಗ ಆದದ್ದು. ಮರೆವ್ವನ ಮಗಳು ಸುಮನ್ ಅದಾಳಲ್ಲ, ಗೋಕಾಕದ ಒಂದು ದವಾಖಾನ್ಯಾಗ ನರ್ಸ್, ಆಕೀದು. ಐತವಾರ ತಪ್ಪದ ಚರ್ಚಿಗೆ ಹೋಗೂ ಮಂದಿ ಅವರು. ದೆವ್ವ ಗಿವ್ವ ಅಂದ್ರ ಬಾಯಿಗೆ ಸೆರಗ ಹಚ್ಚಿ ನಗಾಕಿ. ಅಂಥಾಕಿ ಅಳಕೋತ ಹೇಳಿದ್ದನ್ನ ನಾ ನಿಮಗ ಹೇಳಾಕತ್ತೇನಿ. ನಗೂದಿದ್ರ ಈಗಽ ನಕ್ಕು ಮುಗಿಸಿಬಿಡ್ರಿ.

ಹ್ವಾದ ವರ್ಷ ಜುಲೈ ತಿಂಗಳು. ಮೂಡಲಗಿಯಿಂದ ಬರೂ ಕಡೀ ಬಸ್ಸು ಆಕೀನ್ನ ಕ್ರಾಸಿನ್ಯಾಗ ಇಳಿಸಿ ಹೋತು. ರಾತ್ರಿ ಒಂಬತ್ತೂವರಿ ಆಗಿರಬೇಕು. ಹೆಗಲ ಮ್ಯಾಲ ಶಾಲು, ಕೈಯಾಗ ಗುಲಾಬಿ ಹಾರ, ಬಗಲಾಗ ಚೀಲ. ಮೂಡಲಗಿ ಚರ್ಚಿನ್ಯಾಗ ಸನ್ಮಾನ ಮಾಡಿಸಿಕೊಂಡು ಬಂದಿದ್ಲು. ಓಣಿಯೊಳಗ ಕರೆಂಟ್ ಹೋಗಿತ್ತು.

ಕ್ರಾಸಿನಿಂದ ಓಣಿಗೆ ಬರಬೇಕಂದ್ರ ಒಂದು ಆಲದ ಗಿಡ, ಅದರ ಬುಡಕ್ಕ ಹಳೇ ಬಾವಿ. ನಳ ಬಂದ ಮ್ಯಾಲ ಆ ಬಾವ್ಯಾಗ ಯಾರೂ ನೀರ ಸೇದಂಗಿಲ್ಲ. ಗಡಗಡಿ ಯಾರೋ ಕಿತಗೊಂಡು ಹೋಗ್ಯಾರ, ಕಟಿಗಿ ಚೌಕಟ್ಟಷ್ಟ ನಿಂತೈತಿ. ಸುಮನ್ ಅದರ ಮಗ್ಗಲಕ್ಕ ಬಂದ್ಲು...

ಗರ್ರ್... ಗರ್ರ್... ಗರ್ರ್...

ಕಟಿಗಿ ಮ್ಯಾಲ ಇಟ್ಟ ಫೋನು ನಡುಗತೈತಲ್ಲ, ಹಂಗ. ಆಕಿ ಚೀಲದಾಗ ಕೈ ಹಾಕಿ ಫೋನ್ ತಗದ್ಲು. ಕರ್ರಗ ಬಿದ್ದಿತ್ತು. ಚಾರ್ಜ್ ಮುಗದು ಬಸ್ಸಿನ್ಯಾಗಽ ಆರಿಹೋಗಿತ್ತು. ಆದ್ರೂ ಸಪ್ಪಳ ನಿಲ್ಲಲಿಲ್ಲ... ಬಾವಿ ಚೌಕಟ್ಟಿನ ಕಡಿಂದ ಬರಾಕತ್ತಿತ್ತು.

ಆ ಸಪ್ಪಳದ ಗುರ್ತು ಆಕಿಗೆ ಹತ್ತಿತು. ಸಂಜಿ ಆರಕ್ಕ ಅದಽ ಸಪ್ಪಳ ಕೇಳಿದ್ಲು. ಕೇಳಿಯೂ ಕೇಳಲಾರದಂಗ ಮಾಡಿದ್ಲು.

ಆಕೀನ್ನ ಅಲ್ಲೇ ಒಂದು ಗಳಿಗಿ ನಿಂದ್ರಿಸೂಣು. ಹಿಂದಿಂದು ಹೇಳದಿದ್ರ ಮುಂದಿಂದು ನಿಮಗ ತಿಳಿಯಂಗಿಲ್ಲ.

ಆ ಬ್ಯಾಸಗಿ ಸುಮನ್ ಆಫ್ರಿಕಾದ ಮಲಾವಿ ಅನ್ನೂ ದೇಶಕ್ಕ ಹೋಗಿದ್ಲು. ಚರ್ಚಿನ ಸೇವಾ ತಂಡ, ಐದು ಮಂದಿ, ಏಪ್ರಿಲ್ ಮೇ ಎರಡು ತಿಂಗಳು. ಪಗಾರಿಲ್ಲದ ರಜಾ ಹಾಕಿ ಹೋಗಿದ್ಲು. ಮುಂಜಾನಿ ಹುಡುಗೂರಿಗೆ ಹಾಡು, ಯೇಸುಸ್ವಾಮಿ ಕತಿ. ಮಧ್ಯಾಹ್ನ ಬಸರ ಹೆಂಗಸರ ತೂಕ, ಬಿಪಿ, ಗುಳಿಗಿ. ಮನಸಿಟ್ಟು ದುಡದ್ಲು, ಸುಳ್ಳ ಯಾಕ ಹೇಳ್ಲಿ. ಬಿಸಲಿಗೆ ಮಾರಿ ಸುಟ್ಟು ಬಂದಾಗ ತಾಯಿಗೇ ಗುರ್ತ ಸಿಗಲಿಲ್ಲ.

ಅಲ್ಲಿ ತಂಡದ ಅಡಗಿಗೆ ನೀರ ಹೊರೂ ಹುಡುಗಿ ಒಬ್ಬಾಕಿ ಇದ್ಲು. ಹೆಸರು ಚಿಸೋಮೊ. ಇಪ್ಪತ್ತು ತುಂಬಿರಲಿಲ್ಲ. ತಾಯಿ ಇಲ್ಲ. ಗಂಡ ಗಣಿ ಕೆಲಸಕ್ಕಂತ ಬ್ಯಾರೆ ದೇಶಕ್ಕ ಹೋಗಿದ್ದ. ಚೊಚ್ಚಲ ಬಸರಿ. ಕಾಲ ಬಾತಿದ್ವು, ಬಿಪಿ ಏರಿತ್ತು. ಇದು ಮನ್ಯಾಗ ಆಗೂ ಹೆರಿಗಿ ಅಲ್ಲ ಅಂತ ಸುಮನ್‌ಗೆ ನೋಡಿದ ಕೂಡ್ಲೆ ತಿಳೀತು. ದವಾಖಾನಿ ಹನ್ನೊಂದು ಕಿಲೋಮೀಟರ್ ದೂರ. ಗಾಡಿ ಒಂದಿತ್ತು, ಖರೆ. ಆದ್ರ ಸೇವಾ ತಂಡದವರು ಫೋನ್ ಮಾಡಿ ಹೇಳಿದ್ರಷ್ಟ ಆ ಗಾಡಿ ಬರತಿತ್ತು. ಊರ ಮಂದಿ ಕರದ್ರ ಬರತಿರಲಿಲ್ಲ.

ಚಿಸೋಮೊ ಸುಮನ್‌ಗೆ "ಅಕ್ಕಾ" ಅನ್ನಾಕ ಕಲತಿದ್ಲು. ಉಳಿದದ್ದೆಲ್ಲಾ ಹರಕು ಮುರಕು ಇಂಗ್ಲಿಷು. "ನನಗ ಅಂಜಿಕಿ ಬರತೈತಿ ಅಕ್ಕಾ" ಅಂತ ದಿನಾ ಅನ್ನಾಕಿ.

ಹೊಂಡೂ ದಿನ ಸುಮನ್ ಏನ ಮಾಡಿದ್ಲು ಗೊತ್ತೈತೇನು? ಆಕೀನ್ನ ಕುಂಡ್ರಿಸಿ ಉಡಿ ತುಂಬಿದ್ಲು! ನಾವು ಬಸರ ಮಗಳಿಗೆ ತುಂಬತೇವಲ್ಲ, ಹಂಗ. ಚರ್ಚಿಗೆ ಹೋದ್ರೇನಾತು, ಉಡಿ ತುಂಬೂದು ಯಾರು ಬಿಟ್ಟಾರ? ಅಕ್ಕಿ, ಬಾಳಿಹಣ್ಣು, ಒಂದು ಹಸರ ಖಣ. ಕೊಬ್ಬರಿ ಬಟ್ಟಲ ಅಲ್ಲಿ ಎಲ್ಲಿ ಸಿಗಬೇಕು? ಅದರ ಬದಲಿ ಐದು ಶೇಂಗಾ ಹಾಕಿದ್ಲು, ಸಿಪ್ಪಿ ಸಮೇತ.

"ಇದೇನಕ್ಕಾ?" ಅಂದ್ಲು ಆ ಹುಡುಗಿ.

"ಇನ್ನ ನಮ್ಮ ಮನಿ ನಿನ್ನ ತವರು. ನಮ್ಮ ಕಡೆ ಚೊಚ್ಚಲ ಬಾಣಂತನ ತವರ ಮನೀದು. ನೋವು ಬಂದ್ರ ನನಗ ಫೋನ್ ಹಚ್ಚು. ಹಗಲಿರಲಿ ರಾತ್ರಿ ಇರಲಿ, ಎತ್ತತೇನಿ. ಗಾಡಿಗೆ ನಾ ಹೇಳ್ತೇನಿ."

ತಂಡದವರು ಫೋಟೋ ಹೊಡದ್ರು. ಅಷ್ಟರಾಗ ವಿಮಾನಕ್ಕ ಹೊತ್ತಾತು ಅಂತ ಹೊರಗ ಬ್ಯಾರೆ ಗಾಡಿ ಹಾರ್ನ್ ಹೊಡಿಯಾಕತ್ತಿತು, ಪೋಂ... ಪೋಂ... ಶಾಸ್ತ್ರ ಪೂರಾ ಮುಗೀಲಿಲ್ಲ. ಸುಮನ್ ಎದ್ದು ಓಡಿದ್ಲು. ಓಡೂ ಗಡಬಡಿಯೊಳಗ, ಹೊತ್ತಿಗೆ ಬೇಕಾದೀತು ಅಂತ ದವಾಖಾನಿಗೆ ಒಯ್ಯೂ ಗಾಡಿಯವಗ ಒಂದು ಮಾತು ಮೊದಲಽ ಹೇಳಿ ಇಡೂದು ಮರತ್ಲು. ಊರಿಗೆ ಬಂದ ಮ್ಯಾಲ ನೆನಪಾತು. ನಾಳಿ ಹೇಳಿದ್ರಾತು ಅಂದ್ಲು. ನಾಳಿ ನಾಳಿ ಅನ್ನೂದ್ರಾಗ ಒಂದೂವರಿ ತಿಂಗಳು ಹೋತು.

ಇಲ್ಲಿ ಸನ್ಮಾನದ ಮ್ಯಾಲ ಸನ್ಮಾನ. ಮೊದಲ ಗೋಕಾಕ, ಆಮ್ಯಾಲ ಮೂಡಲಗಿ, ಮುಂದಿನ ಐತವಾರ ಹುಕ್ಕೇರಿ. ಪರದೆ ಕಟ್ಟಿ ಫೋಟೋ ತೋರಸತಿದ್ರು. ಎಲ್ಲಾದಕ್ಕಿಂತ ಉಡಿ ತುಂಬೂ ಫೋಟೋಕ್ಕ ಚಪ್ಪಾಳಿ ಹೆಚ್ಚು. ಮೂಡಲಗ್ಯಾಗ ಆ ಫೋಟೋ ಪರದೆ ಮ್ಯಾಲ ಬಂತು. "ನಮ್ಮ ಸುಮನ್ ಆಫ್ರಿಕಾದಾಗ ಒಬ್ಬಾಕಿಗೆ ತವರಮನಿ ಆಗಿ ಬಂದಾಳ್ರಿ!" ಅಂತ ಅಲ್ಲಿ ಹಿರಿಯರು ಹೇಳಾಕತ್ತಿದ್ರು. ಮೈಕ್ ಮುಂದಿನ ಕಟಿಗಿ ಸ್ಟ್ಯಾಂಡಿನ ಮ್ಯಾಲ ಆಕೀ ಫೋನ್ ಇತ್ತು.

ಗರ್ರ್... ಗರ್ರ್...

ಮ್ಯಾಲ ಪರದೆದಾಗ ಚಿಸೋಮೊನ ಮಾರಿ. ಕೆಳಗ ಫೋನಿನ್ಯಾಗ ಚಿಸೋಮೊನ ಹೆಸರು. ಮಂದಿ ನೋಡಾಕತ್ತಾರ, ಈಗ ಹೆಂಗ ಎತ್ತೂದು? ಸುಮನ್ ಫೋನನ್ನ ಮಾರಿ ಕೆಳಗ ಮಾಡಿ ಡಬ್ಬ ಹಾಕಿದ್ಲು. ಮತ್ತ ಎರಡು ಸಲ ಫೋನ್ ಬಂದು ನಡುಗಿತು. ಆಮ್ಯಾಲ ಸುಮ್ಮನಾತು.

ಬಸ್ಸಿನ್ಯಾಗ ಕುಂತಾಗ ನೋಡಿದ್ಲು. ಹೆರಿಗಿಗೆ ಇನ್ನ ಮೂರು ವಾರ ಅದಾವ, ಸುಮ್ಮ ಮಾತಾಡಾಕ ಹಚ್ಚಿರಬೇಕು, ಮನಿಗೆ ಹೋಗಿ ಹಚ್ಚಿದ್ರಾತು ಅಂದ್ಲು. ಅನ್ನೂದ್ರಾಗ ಫೋನ್ ಆರಿತು. ನನಗ ಖರೇನ ಹೊಟ್ಟಿ ಉರಿಯೂದು ಇದಕ್ಕ ನೋಡ್ರಿ. ಶಾಲು ಹೊಚ್ಚಿಸಿಕೊಳ್ಳಾಕ ಮೂರು ತಾಸು ಇತ್ತು, ಫೋನ್ ಎತ್ತಾಕ ಒಂದು ಗಳಿಗಿ ಇದ್ದಿಲ್ಲ.

ಹೂಂ... ಈಗ ಬಾವಿಗೆ ಬರ್ರಿ.

ಸಪ್ಪಳ ಒಮ್ಮಿಂದೊಮ್ಮೆ ನಿಂತಿತು. ಆಲದ ಗಿಡದಾಗ ಒಂದು ಎಲಿ ಅಲಗಲಿಲ್ಲ. ಹಿಂದ...

ತಪ್... ತಪ್... ತಪ್...

ಬರಿಗಾಲು. ಬಾತ ಕಾಲು ನೆಲಕ್ಕ ಅಗಲಾಗಿ ಬೀಳತಾವಲ್ಲ, ಆ ಸಪ್ಪಳ. ನರ್ಸ್ ಆಕಿ, ಬಸರ ಹೆಂಗಸರ ನಡಿಗಿ ಆಕಿಗೆ ಹೇಳಿಕೊಡಬೇಕೇನು? ತಿರುಗಿ ನೋಡಿದ್ಲು. ಬಾವಿ ಕಟ್ಟಿ ಮಗ್ಗಲಕ ಒಬ್ಬಾಕಿ ನಿಂತಿದ್ಲು. ಉಟ್ಟ ಅರಿವಿ ಚುಂಗು ಎರಡೂ ಕೈಲೆ ಮುಂದ ಹಿಡಕೊಂಡಿದ್ಲು, ಉಡಿಯೊಳಗಿಂದು ಚೆಲ್ಲಬಾರದು ಅಂತ ಹಿಡಕೋತಾರಲ್ಲ, ಹಂಗ. ಮಾರಿ ಕತ್ತಲ್ಯಾಗ ಇತ್ತು. ಕಾಲ ತುಂಬ ಕೆಂಪ ಧೂಳು.

"ಅಕ್ಕಾ..."

ಸುಮನ್ ಹಾರ ಎದಿಗೆ ಅವಚಿಕೊಂಡ್ಲು. "ಯಾ... ಯಾರು?"

"ಫೋನ್ ಹಚ್ಚಿದ್ನಿ ಅಕ್ಕಾ."

"ಗೊತ್ತು..."

"ಗಾಡಿ ಬರಲಿಲ್ಲ."

"ಈಗ ಹೇಳ್ತೇನಿ. ಈಗಽ ಹೇಳ್ತೇನಿ ಚಿಸೋಮೊ..."

"ಈಗ ಬ್ಯಾಡ. ನಡಕೋತ ಬಂದೇನಿ."

ಆಕಿ ಯಾವ ಭಾಷಾದಾಗ ಮಾತಾಡಿದ್ಲು ಅಂತ ಕೇಳಬ್ಯಾಡ್ರಿ, ಸುಮನ್‌ಗೂ ಗೊತ್ತಿಲ್ಲ. ತಿಳೀತು, ಅಷ್ಟ. ಪಿಸುಗುಟ್ಟಿದಂಗ ಇತ್ತಂತ. ಮತ್ತ ಒಂದು ಹೆಜ್ಜಿ ಮುಂದ ಇಟ್ಟಳು... ತಪ್... "ತವರು ಎಲ್ಲೈತಿ ಅಕ್ಕಾ?"

ಆಗ ಸುಮನ್ "ಬಾರವ್ವ" ಅನ್ನಬೇಕಿತ್ತು. ಆಕೀನಽ ಹೇಳ್ತಾಳ, ನನ್ನ ಬಾಯಾಗ ಆ ಮಾತು ಬಂದಿತ್ತು, ಹೊರಗ ಬರಲಿಲ್ಲ ಅಂತ. ಹಾರ ಅಲ್ಲೇ ಒಗದು ಓಡಿದ್ಲು ನೋಡ್ರಿ! ಚಪ್ಪಲಿ ಎಲ್ಲೋ, ಶಾಲು ಎಲ್ಲೋ. ಮನಿಯೊಳಗ ಹೊಕ್ಕು ಧಡ್ ಅಂತ ಬಾಗಿಲಾ ಹಾಕಿ ಅಗಳಿ ಜಡದು, ಅದಕ್ಕ ಬೆನ್ನ ಕೊಟ್ಟು ಕುಂತ್ಲು.

ಒಳಗಿಂದ ಮರೆವ್ವ ಕೇಳಿದ್ಲು, "ಯಾರ ಬಂದಾರಬೇ?"

"ಯಾರೂ ಇಲ್ಲವ್ವ..." ಅಂದ್ಲು ಸುಮನ್.

ಬಾಗಿಲದಾಚಿ ತಪ್... ತಪ್... ಬಂತು. ಹೊಸ್ತಿಲಕ್ಕ ನಿಂತಿತು. ಬಾಗಿಲಾ ಬಡೀಲಿಲ್ಲ, ಕರೀಲಿಲ್ಲ. ಆಮ್ಯಾಲ ಒಂದು ಸಣ್ಣ ಸಪ್ಪಳ... ಸರ್ರ್... ಜ್ವಾಳ ಕೇರೂ ಮರಕ್ಕ ಸುರದಂಗ. ಆಮ್ಯಾಲ ತಪ್... ತಪ್... ದೂರ ಹೋತು. ಸುಮನ್ ಮುಂಜಾನಿ ತನಕ ಅಲ್ಲೇ ಕುಂತಿದ್ಲು.

ಕರೆಂಟ್ ಬಂದ ಮ್ಯಾಲ ಫೋನ್ ಚಾರ್ಜಿಗೆ ಹಚ್ಚಿದ್ಲು. ಅಲ್ಲಿ ಊರಿನ ಪಾಸ್ಟರ್ ರಾತ್ರಿನಽ ಬರದಿದ್ರು. ಚಿಸೋಮೊಗ ಹೊತ್ತಿಗಿಂತ ಮೊದಲಽ ನೋವು ಬಂದಾವ. ಗಾಡಿ ಸಿಗಲಿಲ್ಲಂತ ದವಾಖಾನಿಗೆ ನಡಕೋತ ಹೊಂಟಾಳ. ದಾರ್‍ಯಾಗ ಫಿಟ್ಸ್ ಬಂದು ಬಿದ್ದಾಳ. ತಾಯೀನೂ ಉಳೀಲಿಲ್ಲ, ಕೂಸೂ ಉಳೀಲಿಲ್ಲ. ಸಂಜಿ ಆರಕ್ಕ ಜೀವ ಹೋತು ಅಂತ ಇತ್ತು. ಅಲ್ಲಿ ಸಂಜಿ ಆರು ಅಂದ್ರ ಇಲ್ಲಿ ರಾತ್ರಿ ಒಂಬತ್ತೂವರಿ.

ಆಗ ಹೊರಗ ಗೌಸಬಿ ಒದರಿದ್ಲು. ನಮ್ಮ ಓಣಿ ಸೂಲಗಿತ್ತಿ ಆಕಿ, ನಿಮ್ಮೊಳಗ ಅರ್ಧ ಮಂದೀನ್ನ ಆಕೀನಽ ಎತ್ಯಾಳ. ಹಾಲ ಕೊಡಾಕ ಬಂದಿದ್ಲು. "ಏ ಮರೆವ್ವಾ, ನಿಮ್ಮ ಮನ್ಯಾಗ ಯಾರ ಉಡಿ ತುಂಬೀರಿ? ನನಗೊಂದು ಮಾತ ಹೇಳಲಿಲ್ಲಲ್ಲ!"

ನಾವೆಲ್ಲಾ ಹೊರಗ ಬಂದ್ವಿ. ಹೊಸ್ತಿಲ ಮ್ಯಾಲ ಒಂದು ಹಿಡಿ ಅಕ್ಕಿ ಇತ್ತು. ಚೆಲ್ಲಿದ್ದಲ್ಲ, ಕೈಲೆ ಇಟ್ಟದ್ದು. ಅದರ ನಡುವ ಒಂದು ಶೇಂಗಾ, ಸಿಪ್ಪಿ ಸಮೇತ.

"ಇದೇನು ಕಾಕೂ?" ಅಂದ್ಲು ಸುಮನ್.

"ಅಯ್ಯ, ಇಷ್ಟೂ ಗೊತ್ತಿಲ್ಲೇನು? ಉಡಿ ತುಂಬಿಸಿಕೊಂಡಾಕಿ ಒಂದು ಹಿಡಿ ತಿರುಗಿ ತವರಿಗೆ ಕೊಟ್ಟು ಹೋಗಬೇಕು. ತವರು ಬರಿದಾಗಬಾರದು, ತುಂಬಿರಬೇಕು ಅಂತ."

ಸುಮನ್ ಹೊಸ್ತಿಲ ಮುಂದ ಕುಸದು ಕುಂತ್ಲು. "ನಾ ಫೋನ್ ಎತ್ತಲಿಲ್ಲ ಕಾಕೂ... ನಾ ಬಾ ಅನ್ನಲಿಲ್ಲ... ಬಾಗಿಲಾ ಹಾಕಿದ್ನಿ... ಅಂಥಾದ್ರಾಗ ಆಕಿ ನನ್ನ ಮನಿ ತುಂಬಿರಲಿ ಅಂತ ಕೊಟ್ಟು ಹೋಗ್ಯಾಳ..." ಎದಿ ಬಡಕೊಂಡು ಅತ್ತಳು. ಬೈದಿದ್ರ, ಕುತ್ತಿಗಿ ಹಿಚಕಿದ್ರ ನನಗ ಇಷ್ಟು ಸಂಕಟ ಆಗತಿರಲಿಲ್ಲ ಅಂದ್ಲು. ಗೌಸಬಿ ಆಕೀ ತಲಿ ತನ್ನ ತೊಡಿಮ್ಯಾಲ ಇಟಗೊಂಡು ಕುಂತ್ಲು.

ಮುಂದಿನ ಐತವಾರ ಹುಕ್ಕೇರಿಗೆ ಹೋದ್ಲು. ಬ್ಯಾಡ ಅಂದ್ರೂ ಕೇಳಲಿಲ್ಲ. ಆ ಫೋಟೋ ಪರದೆ ಮ್ಯಾಲ ಬಂತು, ಚಪ್ಪಾಳಿ ಶುರು ಆತು. ಸುಮನ್ ಮೈಕ್ ಹಿಡದು, "ಚಪ್ಪಾಳಿ ತಟ್ಟಬ್ಯಾಡ್ರಿ. ಈ ಹುಡುಗಿ ಸತ್ತಾಳ. ನನಗ ಮೂರು ಸಲ ಫೋನ್ ಹಚ್ಚಿದ್ಲು, ನಾ ಎತ್ತಲಿಲ್ಲ" ಅಂದ್ಲು. ಆಕಿಗೆ ಹೊಚ್ಚಾಕ ತಂದ ಶಾಲು ಕವರಿನ್ಯಾಗಽ ಉಳೀತು. ಅವತ್ತಽ ಆ ಗಾಡಿಯವಗ ಫೋನ್ ಹಚ್ಚಿ, ಊರಾಗಿನ ಯಾರು ಕರದ್ರೂ ಹೋಗು ಅಂತ, ಕಾಲ ಬೀಳ್ತೇನಿ ಅಂದು ಒಪ್ಪಿಸ್ಯಾಳ. ಉಳಿದವರಿಗೆ ಅನುಕೂಲ ಆತದು. ಚಿಸೋಮೊಗ ಏನ ಬಂತು?

ಅವತ್ತಿನಿಂದ ಅವರ ಮನಿ ಬಾಗಿಲಕ್ಕ ರಾತ್ರಿ ಅಗಳಿ ಬಿದ್ದಿಲ್ಲ. ಮುಂದಕ್ಕ ಮಾಡತಾರ, ಅಷ್ಟ. ನೋಡಿ ನೋಡಿ ನಾವೂ ಬಿಟ್ಟೇವಿ. ಯಾರ ಮಗಳು ಯಾವ ದಾರಿಲೆ ನಡಕೋತ ಬರತಾಳೋ, ಯಾರಿಗ್ಗೊತ್ತು?

ಸುಳ್ಳ ಅನ್ನಾಕತ್ತೀರೇನು? ಅನ್ರಿ. ಮರೆವ್ವ ಆ ಅಕ್ಕಿ ಅಡಗಿಗೆ ಹಾಕಲಿಲ್ಲ, ಒಂದು ಡಬ್ಬ್ಯಾಗ ಕಟ್ಟಿ ಇಟ್ಟಾಳ. ವರ್ಷದ ಮ್ಯಾಲಾತು, ಹುಳ ಹತ್ತಿಲ್ಲ, ನಾನಽ ಕೈಯಾಗ ಹಿಡದು ನೋಡೇನಿ. ಅದಕ್ಕಿಂತ ನನಗ ಇನ್ನೊಂದು ಬಗೆಹರಿಯಂಗಿಲ್ಲ. ಒಂದು ಹಿಡಿ ತವರಿಗೆ ತಿರುಗಿ ಕೊಡಬೇಕು ಅನ್ನೂದು ಸುಮನ್‌ಗೂ ಅವತ್ತಿನ ತನಕ ಗೊತ್ತಿರಲಿಲ್ಲ. ಆ ಹುಡುಗಿಗೆ ಯಾರೂ ಹೇಳಿರಲಿಲ್ಲ.