ಚಿರತೆ ರಗ್ಗು, ಎರಡನೇ ಡೋಸು

ಬೊಗಳುವ ನಾಯಿ ಚುಚ್ಚುವುದಿಲ್ಲ. ಗಾದೆ ತಿರುಚಿದ್ದು ನಾನು, ಕಥೆ ಮಾತ್ರ ನಿಜ. ಸಾತನೂರಿನ ಕಡೆ ಆಸ್ಪತ್ರೆಯೊಂದರ ಮುಂದೆ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯ ಎರಡನೇ ಡೋಸಿಗೆ ಸಾಲು ನಿಂತಿದ್ದೆವು. ನನ್ನ ಮುಂದಿದ್ದ ಬೋರಲಿಂಗಯ್ಯ ಇದ್ದಕ್ಕಿದ್ದಂತೆ ಮನೆಗೆ ಹೊರಟರು. ಅವರ ಭಾಮೈದ ಸ್ವಾಮಿ ಟವೆಲ್ ಹಿಡಿದೆಳೆದ.

“ಬುಡ್ಲಾ! ಹೋದ್ಸಲ ಜ್ವರ ಬಂದು ಮಲಗ್ಬುಟ್ಟಿದ್ದೆ. ರೋಗಾನೇ ಚುಚ್ತಾವ್ರೆ.”

“ಇಲ್ಲ ಕಣ್ ಬಾವ. ಅವತ್ತೊಂದಿನ ರಾತ್ರಿ ನಾನು ಚಿರತೆ ಚಿತ್ರದ ರಗ್ಗು ಹೊದ್ಕೊಂಡು ನಿನ್ ಹಿಪ್ಪುನೇರಳೆ ತೋಟಕ್ಕೆ ಬಂದಿದ್ನಲ್ಲ, ರಗ್ಗು ಕಚ್ತಾ?”

“ಕಚ್ಲಿಲ್ಲ. ನಾಯಿಗಳು ಬೊಗಳಿ ಬೊಗಳಿ ಊರೇ ಎದ್ಬುಡ್ತು.”

“ಆಮೇಲೆ ನಿಜವಾದ ಚಿರತೆ ಬಂದಾಗ?”

“ಬೇಲಿ ತಾವಿಂದ್ಲೇ ಅಟ್ಟುದ್ವು.”

“ಇದೂ ಅಂಗೇಯ. ಲಸಿಕೇಲಿ ರೋಗ ಇಲ್ಲ, ರಗ್ಗು ಹೊಲಿಯೋ ಅಳತೆ ಐತೆ ಅಷ್ಟೇಯ. ನಿನ್ ಮೈಯೇ ರಗ್ಗು ಹೊಲ್ದು, ಒಳಗಿರೋ ನಾಯಿಗಳಿಗೆ ತೋರುಸ್ತದೆ. ಅಳತೆ ಕರಗೋಯ್ತದೆ, ನಾಯಿಗಳಿಗೆ ಗುರುತು ಉಳೀತದೆ.”

“ಮತ್ತೆ ಜ್ವರ?”

“ಅದು ಬೊಗಳಿದ್ದು.”

ನರ್ಸ್ ಹೆಸರು ಕೂಗಿದರು. ಅಂಗಿ ತೋಳು ಮಡಚಿಕೊಂಡು ಒಳಗೆ ಹೊರಟ ಬೋರಲಿಂಗಯ್ಯ ಬಾಗಿಲಲ್ಲಿ ತಿರುಗಿದರು.

“ಅಂಗಾರೆ ಅವತ್ತು ನಿನ್ ರಗ್ಗು ನೋಡಿ ನಾನು ಪಂಚೆ ಬುಟ್ಟು ಹುಣಸೆಮರ ಹತ್ತಿದಂಗೆ, ನನ್ ಮೈಯೊಳಗೂ ಒಬ್ಬ ಹತ್ತವ್ನೆ ಅನ್ನು!”

ಸಾಲಿಗೆ ಸಾಲೇ ನಕ್ಕಿತು. ಬಾಗಿಲು ಮುಚ್ಚಿದ ಮೇಲೂ ಕೇಳಿಸಿದ್ದು ಅವರ ನಗು ಮಾತ್ರ.