ಹೊಳೆಗೆ ಸೋರಿದ ಕರೆಂಟು

ನಾನು ಹೊಳೆದಡದಲ್ಲಿ ಲಾಂಚಿಗೆ ಕಾಯುತ್ತಿದ್ದೆ. ಪಕ್ಕದಲ್ಲೇ ಕಟ್ಟಿದ್ದ ದೋಣಿಮನೆಗೆ ದಡದಿಂದ ಎಳೆದಿದ್ದ ವೈರಿಗೆ ಎಲೆಕ್ಟ್ರಿಷಿಯನ್ ಒಬ್ಬ ಮೀಟರ್ ಹಿಡಿದಿದ್ದ. ದೋಣಿಯೊಳಗೆ ಅದರ ಒಡತಿ ಇದ್ದಳು.

"ಅಕ್ಕ, ಕರೆಂಟು ಎಲ್ಲೋ ಸೋರ್ತಿದೆ. ಒಂದೊಂದೇ ಸ್ವಿಚ್ ಆರಿಸಿ."

"ಫ್ರಿಜ್ ಆರಿಸ್ದೆ."

"ಮೀಟರ್ ಇಳೀಲಿಲ್ಲ."

"ನೀರು ಕಾಯಿಸೋ ಹೀಟರ್ ಆರಿಸ್ದೆ. ಈಗ?"

"ಸೊನ್ನೆಗೆ ಬಂತು! ಸೋರಿದ್ದೆಲ್ಲ ಹೊಳೆಗೇ ಹೋಗ್ತಿತ್ತು. ನೀರಿಗೆ ಯಾರೂ ಇಳಿದಿಲ್ಲ ತಾನೆ?"

ಅವಳ ದನಿ ಸಣ್ಣದಾಯಿತು.

"ನಮ್ಮೆಜಮಾನ್ರು ಬೆಳಿಗ್ಗೆ ದೋಣಿ ತಳ ಉಜ್ಜೋಕೆ ಇಳಿದಿದ್ರು. ಕೈಕಾಲು ಜೋಮು ಹಿಡೀತು ಅಂತ ಹತ್ತಿಬಂದ್ರು. ಮೈಗಳ್ಳ ಅಂತ ಬೈದುಬಿಟ್ಟೆ."

"ಈಗೆಲ್ಲಿದ್ದಾರೆ?"

"ಮತ್ತೆ ಇಳೀತೀನಿ ಅಂತ ಈಗಷ್ಟೇ ದೋಣಿ ಹಿಂದಕ್ಕೆ ಹೋದ್ರು."

ಅವನು ದಡದ ಪ್ಲಗ್ ಕಿತ್ತೆಸೆದು ಹಿಂದಕ್ಕೆ ಓಡಿದ. ಅವಳೂ ಓಡಿದಳು.

"ರೀ, ಇಳೀಬೇಡಿ! ನೀವು ಹೇಳಿದ್ದು ನಿಜಾರೀ!"

ದೋಣಿಯ ಹಿಂದಿನಿಂದ ಗಂಡಸಿನ ದನಿ ಬಂತು.

"ಇನ್ನೂ ಇಳಿದಿಲ್ಲ ಕಣೇ. ಸಿಟ್ಟು ಇಳೀಲಿ ಅಂತ ಕೂತಿದ್ದೀನಿ."