ಹತ್ತು ರೂಪಾಯಿ ಜಾಸ್ತಿ

ಸೊರಬದ ಬಸ್ಸು ಶಿಕಾರಿಪುರ ದಾಟಿತ್ತು. ನನ್ನ ಮುಂದಿನ ಸೀಟಿನಲ್ಲಿದ್ದ ರೈತ ಹೆಂಗಸು, ಬೆಳಿಗ್ಗೆ ಎಪಿಎಂಸಿ ಮಾರುಕಟ್ಟೆಯಲ್ಲಿ ತನ್ನ ಮೆಕ್ಕೆಜೋಳ ಕೊಂಡ ವ್ಯಾಪಾರಿಯೇ ಪಕ್ಕದಲ್ಲಿ ಬಂದು ಕೂತದ್ದು ಕಂಡು, ಚೀಲದಿಂದ ಒಂದು ಪೇರಲೆಹಣ್ಣು ತೆಗೆದು ಕೊಟ್ಟಳು.

“ತಗೊಳ್ರಿ ಸಾವ್ಕಾರ್ರೇ. ಎಲ್ರಿಗಿಂತ ಕ್ವಿಂಟಲ್ಲಿಗೆ ಹತ್ತು ರೂಪಾಯಿ ಜಾಸ್ತಿ ಹಾಕಿದೋರು ನೀವೊಬ್ರೇ.”

“ಬ್ಯಾಡಮ್ಮ.”

“ತಿನ್ರಿ, ನಮ್ ಹಿತ್ಲದ್ದು. ಈ ಕಂಪ್ಯೂಟರ್ ಟೆಂಡರ್ ಬಂದು ಚಲೋ ಆತು. ಒಬ್ರು ಹಾಕಿದ ರೇಟು ಇನ್ನೊಬ್ರಿಗೆ ಕಾಣಂಗಿಲ್ಲಂತೆ.”

ಆತ ಹಣ್ಣನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ.

“ಕಾಣಂಗಿಲ್ಲ. ಆದ್ರೆ ಹಾಕೋಕ್ ಮೊದ್ಲೇ ನಾವು ಐದು ಜನ ಫೋನ್ನಾಗೆ ಮಾತಾಡ್ಕೊಂಡಿರ್ತೀವಿ.”

“ಏನಂತ?”

“ಯಾರ ಮಾಲು ಯಾರು ತಗೋಬೇಕು, ಎಷ್ಟಕ್ಕೆ ಅಂತ. ನಿಮ್ದು ನನ್ ಪಾಲಿಗೆ ಬಂದಿತ್ತು.”

“ಮತ್ತೆ ಆ ಹತ್ತು ರೂಪಾಯಿ?”

“ಪೈಪೋಟಿ ಆಗೈತೆ ಅಂತ ತೋರ್ಸೋಕಮ್ಮ. ನೀವು ಹಣ್ಣು ಕೊಟ್ರಲ್ಲ, ಸುಮ್ನಿರೋಕ್ ಆಗ್ಲಿಲ್ಲ.”

ತಾಳಗುಂದ ಕ್ರಾಸ್ ಬಂತು. ಆಕೆ ಇಳಿಯಲು ಎದ್ದಾಗ ಆತ ತಲೆ ಎತ್ತದೆ ಹಣ್ಣು ಚಾಚಿದ.

“ಇಟ್ಕೊಳ್ರಿ,” ಎಂದಳು. “ಐದೂ ಜನ ಹಂಚ್ಕೊಂಡು ತಿನ್ರಿ. ಹಂಚ್ಕೊಳ್ಳೋದು ನಿಮಗೇನು ಹೇಳ್ಕೊಡ್ಬೇಕಾ?”